ಗಿರಣಿ ಕಾರ್ಮಿಕರಿಗಾಗಿ ಗೌಡಿ ಕಟ್ಟಿದ ಚರ್ಚು

ಬಾರ್ಸಿಲೋನಾಕ್ಕೆ ಹೋದವರು ತಪ್ಪದೆ ನೋಡಿ ಬರುವ ಸಗ್ರಾದಾ ಫಮೀಲಿಯಾ ಚರ್ಚಿನ ಓರೆ ಕಂಬಗಳು, ಎತ್ತರದ ಕಮಾನುಗಳು ಮೊದಲು ಪರೀಕ್ಷೆಗೆ ಒಳಗಾದದ್ದು ಆ ಮಹಾನಗರದಲ್ಲಲ್ಲ, ಅಲ್ಲಿಂದ ಸುಮಾರು 20 ಕಿಲೋಮೀಟರ್ ಆಚೆಗಿರುವ ಒಂದು ಬಟ್ಟೆ ಗಿರಣಿಯ ಕಾರ್ಮಿಕರ ಕಾಲೊನಿಯಲ್ಲಿ. ಕೊಲೋನಿಯಾ ಗ್ವೆಲ್ ಎಂಬುದು ಅದರ ಹೆಸರು. ಅಲ್ಲಿ ವಾಸ್ತುಶಿಲ್ಪಿ ಆಂಟೊನಿ ಗೌಡಿ, ನೂಲುವವರು, ನೇಯುವವರು, ಬಣ್ಣದ ಖಾತೆಯವರು ಪ್ರಾರ್ಥನೆಗೆ ಕೂರುವುದಕ್ಕೆಂದು ಒಂದು ಚರ್ಚನ್ನು ಯೋಜಿಸಿ, ಅದರ ಕೆಳಗಿನ ಅಂತಸ್ತನ್ನು ಮಾತ್ರ ಕಟ್ಟಿ ಮುಗಿಸಿದ. ಮಗಳ ಮನೆಗೆಂದು ಬಾರ್ಸಿಲೋನಾಕ್ಕೆ ಹೋಗಿದ್ದಾಗ ಬೇರೆ ಎಲ್ಲವನ್ನೂ ಬದಿಗಿಟ್ಟು ಮೊದಲು ನೋಡಬೇಕೆಂದು ನಾನು ಹಟ ಹಿಡಿದದ್ದು ಈ ಅರ್ಧ ಚರ್ಚನ್ನು. ಕಲಬುರಗಿಯಲ್ಲಿ ಎಂಎಸ್‌ಕೆ ಎಂಬ ಬಟ್ಟೆ ಮಿಲ್ಲಿನ ಭೋಂಗಾ (ಸೈರನ್) ಕೇಳಿ ಬೆಳೆದವರಿಗೆ ಈ ಹಟದ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಎರಡು ಗಿರಣಿಗಳ ಕಾಲವನ್ನು ಅಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಸೊಲ್ಲಾಪುರದಿಂದ ನಮ್ಮ ಊರನ್ನು ಹಾದು 1871ರಲ್ಲಿ ರಾಯಚೂರನ್ನು ಮುಟ್ಟಿತು. ಹತ್ತಿ ಬೆಳೆಯುವ ಸೀಮೆಗೆ ರೈಲು ಬಂದ ಮೇಲೆ ಗಿರಣಿ ಬರುವುದು ತಡವಾಗಲಿಲ್ಲ. 1880ರ ದಶಕದಲ್ಲಿ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಹೆಸರು ಹೊತ್ತು ಮಹಬೂಬ್ ಶಾಹಿ ಮಿಲ್ಲು, ಅಂದರೆ ನಮ್ಮ ಎಂಎಸ್‌ಕೆ ಮಿಲ್ಲು, ಕಲಬುರಗಿಯಲ್ಲಿ ಆರಂಭವಾಯಿತು. ಅದೇ ಕಾಲದಲ್ಲಿ ಬಾರ್ಸಿಲೋನಾದ ಸಾಂಟ್ಸ್ ಭಾಗದಲ್ಲಿದ್ದ ತನ್ನ ತಂದೆಯ ಬಟ್ಟೆ ಕಾರ್ಖಾನೆಯನ್ನು ನಗರದಿಂದ ಹೊರಗೆ ಸಾಗಿಸುವ ಯೋಚನೆಯಲ್ಲಿ ಎವುಸೇಬಿ ಗ್ವೆಲ್ ಎಂಬ ಉದ್ಯಮಿ ಇದ್ದ. ತಂದೆ ಜುವಾನ್ ಗ್ವೆಲ್ ಕ್ಯೂಬಾದಲ್ಲಿ ವ್ಯಾಪಾರ ಮಾಡಿ ಹಣ ಗಳಿಸಿ ಬಂದವನು; ಆ ದ್ವೀಪದ ಸಂಪತ್ತು ಆ ಕಾಲದಲ್ಲಿ ಗುಲಾಮರ ದುಡಿಮೆಯ ಮೇಲೆ ನಿಂತಿತ್ತು ಎಂಬುದನ್ನು ಚರ್ಚಿನ ಸೊಬಗನ್ನು ಹೊಗಳುವ ಮುಂಚೆಯೇ ಹೇಳಿಬಿಡಬೇಕು. ಮಗ ಗ್ವೆಲ್ 1890ರಲ್ಲಿ ಯೊಬ್ರೆಗಾತ್ ನದಿಯ ಕಣಿವೆಯ ಸಾಂತಾ ಕೊಲೋಮಾ ದೆ ಸೆರ್ವೆಯೋ ಎಂಬ ಹಳ್ಳಿಯ ಮಗ್ಗುಲಿಗೆ ತನ್ನದೇ ಜಮೀನಿನಲ್ಲಿ ಹೊಸ ಕಾರ್ಖಾನೆಯನ್ನೂ ಅದರೊಂದಿಗೆ ಒಂದು ಪೂರ್ತಿ ಊರನ್ನೂ ಕಟ್ಟಲು ಆರಂಭಿಸಿದ. ಆ ನದಿಯ ಮೇಲ್ಭಾಗದ ಬೇರೆ ಗಿರಣಿ ಕಾಲೊನಿಗಳು ನೀರಿನ ರಭಸದಿಂದ ಯಂತ್ರ ತಿರುಗಿಸುತ್ತಿದ್ದರೆ, ಇಲ್ಲಿಯದು ಉಗಿಯಿಂದ ನಡೆಯುವ ಕಾರ್ಖಾನೆ. ಕಾರ್ಡುರಾಯ್ ಮತ್ತು ವೆಲ್ವೆಟ್ ಬಟ್ಟೆ ಇಲ್ಲಿಯ ಮುಖ್ಯ ಉತ್ಪನ್ನಗಳಾಗಿದ್ದವು.

ಬಾರ್ಸಿಲೋನಾದ ಪ್ಲಾಸಾ ಎಸ್ಪಾನ್ಯಾ ನಿಲ್ದಾಣದಿಂದ ಸ್ಥಳೀಯ ರೈಲು ಹತ್ತಿದರೆ ಅರ್ಧ ಗಂಟೆಯೊಳಗೆ ಕಾಲೊನಿಯ ಹೆಸರಿನದೇ ನಿಲ್ದಾಣ ಬರುತ್ತದೆ. ಅಲ್ಲಿಂದ ಊರೊಳಗಿನ ಮಾಹಿತಿ ಕೇಂದ್ರದವರೆಗೆ ರಸ್ತೆಯ ಮೇಲೆ ನೀಲಿ ಬಣ್ಣದ ಹೆಜ್ಜೆಗುರುತುಗಳನ್ನು ಬರೆದಿದ್ದಾರೆ. ಭಾಷೆ ಬಾರದವರೂ ಯಾರನ್ನೂ ಕೇಳದೆ ಅವುಗಳ ಬೆನ್ನು ಹತ್ತಿ ಹೋಗಬಹುದು. ಊರಿಗೆ ಊರೇ ಇಟ್ಟಿಗೆಯದು. ಕಾರ್ಮಿಕರ ಮನೆಗಳ ಸಾಲುಗಳಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ, ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತವೆ, ಚೌಕದಲ್ಲಿ ಮುದುಕರು ಹರಟುತ್ತಾರೆ. ಮ್ಯಾನೇಜರನ ಮನೆಯನ್ನು ಜುವಾನ್ ರುಬಿಯೋ, ಶಿಕ್ಷಕನ ಮನೆಯನ್ನು ಫ್ರಾನ್ಸೆಸ್ಕ್ ಬೆರೆಂಗೆರ್ ವಿನ್ಯಾಸ ಮಾಡಿದ್ದು, ಇಬ್ಬರೂ ಗೌಡಿಯ ಜೊತೆಗಾರರು. ಶಾಲೆ, ನಾಟಕಶಾಲೆ, ಸಹಕಾರಿ ಅಂಗಡಿ, ಓದು ಮತ್ತು ಮನರಂಜನೆಗೆ ಕೂಟಗಳು, ಎಲ್ಲವೂ ನಡೆದು ಮುಟ್ಟುವ ಅಂತರದಲ್ಲಿವೆ. ನಮ್ಮ ಶಹಾಬಾದ್, ವಾಡಿಗಳ ಸಿಮೆಂಟ್ ಕಾರ್ಖಾನೆಯ ಕಾಲೊನಿಗಳಲ್ಲಿ ಬಾಲ್ಯ ಕಳೆದವರು ಈ ಬೀದಿಗಳಲ್ಲಿ ನಡೆದರೆ ದಾರಿ ತಪ್ಪಲಾರರು. ಪಾಳಿಯ ಹೊತ್ತಿಗೆ ಬೀದಿ ತುಂಬುವುದು, ಸಾಹೇಬರ ಬಂಗಲೆ ತುಸು ಎತ್ತರದಲ್ಲಿರುವುದು, ಯಾರ ಮನೆ ಎಲ್ಲಿದೆ ಎಂಬುದರಿಂದಲೇ ಯಾರ ಹುದ್ದೆ ಏನೆಂದು ತಿಳಿದುಬಿಡುವುದು, ಈ ಲೆಕ್ಕಾಚಾರ ಎಲ್ಲ ಕಂಪನಿ ಊರುಗಳಲ್ಲೂ ಒಂದೇ.

ಇಂಥ ಊರನ್ನು ಕಟ್ಟಿದ್ದರ ಹಿಂದೆ ಬರೀ ಔದಾರ್ಯವಿತ್ತು ಎಂದು ನಾನು ನಂಬುವುದಿಲ್ಲ. ಆಗಿನ ಬಾರ್ಸಿಲೋನಾದಲ್ಲಿ ಮುಷ್ಕರಗಳು, ಅರಾಜಕತಾವಾದಿ ಸಂಘಟನೆಗಳು, ಮಾಲೀಕರ ಮೇಲಿನ ಸಿಟ್ಟು ಎಲ್ಲ ಕಾವೇರಿದ್ದ ಸಮಯ. ಕಾರ್ಮಿಕರನ್ನು ಆ ಗಾಳಿಯಿಂದ ದೂರ ಇಡಬೇಕು, ಅವರಿಗೆ ಮನೆ, ಶಾಲೆ, ಔಷಧ ಕೊಟ್ಟು ಅವರ ಬದುಕು ಕಂಪನಿಯ ಅಂಗಳದಲ್ಲೇ ಸಾಗುವಂತೆ ನೋಡಿಕೊಳ್ಳಬೇಕು ಎಂಬುದು ಈ ಯೋಜನೆಯ ಒಂದು ಉದ್ದೇಶವೇ ಆಗಿತ್ತು. ಕೆಲಸ ಕೊಡುವವನೇ ಮನೆಯ ಯಜಮಾನನೂ ಆದಾಗ ದನಿ ಎತ್ತುವುದು ಎಷ್ಟು ಕಷ್ಟವೆಂದು ಕ್ವಾರ್ಟರ್ಸ್‌ನಲ್ಲಿ ಬದುಕಿದವರಿಗೆ ಗೊತ್ತು. ಚರ್ಚು ಕೂಡ ಆ ವ್ಯವಸ್ಥೆಯ ಒಂದು ಅಂಗವೇ ಆಗಿತ್ತು.

ಹೀಗಿದ್ದೂ ಆ ಕಾಲೊನಿಯ ಜನ ಇಂದಿಗೂ ನೆನೆಯುವ ಒಂದು ಘಟನೆಯನ್ನು ಬಿಟ್ಟು ಮುಂದೆ ಹೋದರೆ ಅನ್ಯಾಯವಾಗುತ್ತದೆ. 1905ರಲ್ಲಿ ಬಣ್ಣದ ಖಾತೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗ ಕುದಿಯುವ ದ್ರಾವಣದ ತೊಟ್ಟಿಗೆ ಬಿದ್ದು ಎರಡೂ ಕಾಲುಗಳನ್ನು ಸುಟ್ಟುಕೊಂಡ. ಕಾಲು ಕತ್ತರಿಸದೆ ಉಳಿಸಬೇಕಾದರೆ ಬೇರೆಯವರ ಚರ್ಮವನ್ನು ಕಸಿ ಮಾಡಬೇಕಿತ್ತು. ಆಗ ಕಾಲೊನಿಯ ಕಾರ್ಮಿಕರು, ಅಲ್ಲಿಯ ಪಾದ್ರಿ, ಜೊತೆಗೆ ಮಾಲೀಕ ಗ್ವೆಲ್‌ನ ಮಕ್ಕಳು ತಮ್ಮ ಚರ್ಮವನ್ನು ಕೊಟ್ಟರು. ಮಕ್ಕಳನ್ನು ಕುದಿಯುವ ತೊಟ್ಟಿಯ ಬಳಿ ದುಡಿಸುತ್ತಿದ್ದ ಕಾಲವದು ಎಂಬುದೂ, ಆ ಹುಡುಗನಿಗಾಗಿ ಯಜಮಾನನ ಮಕ್ಕಳು ಚಾಕುವಿಗೆ ಮೈಯೊಡ್ಡಿದರು ಎಂಬುದೂ ಎರಡೂ ನಿಜ. ಒಂದು ಮತ್ತೊಂದನ್ನು ಅಳಿಸುವುದಿಲ್ಲ.

ಈಗ ಚರ್ಚಿನ ಮಾತಿಗೆ ಬರುತ್ತೇನೆ. 1898ರಲ್ಲಿ ಗ್ವೆಲ್ ಈ ಕೆಲಸವನ್ನು ಗೌಡಿಗೆ ವಹಿಸಿದ. ಮೊದಲ ಕಲ್ಲು ಇಟ್ಟದ್ದು 1908ರಲ್ಲಿ. ನಡುವಿನ ಹತ್ತು ವರ್ಷ ಗೌಡಿ ಏನು ಮಾಡುತ್ತಿದ್ದ ಎಂಬುದೇ ಈ ಕಟ್ಟಡದ ನಿಜವಾದ ಕಥೆ. ಹಬ್ಬಕ್ಕೆ ಬಾಗಿಲಿಗೆ ಕಟ್ಟಿದ ತೋರಣದ ದಾರ ತನ್ನ ಭಾರಕ್ಕೆ ತಾನೇ ಜೋತು ಒಂದು ಬಾಗು ಪಡೆಯುವುದನ್ನು ನಾವೆಲ್ಲ ನೋಡಿದ್ದೇವೆ. ಆ ದಾರದಲ್ಲಿರುವುದು ಎಳೆತ ಮಾತ್ರ. ಅದೇ ಬಾಗನ್ನು ತಲೆಕೆಳಗು ಮಾಡಿ ಕಲ್ಲಿನಲ್ಲಿ ಕಟ್ಟಿದರೆ ಎಳೆತವಿದ್ದ ಕಡೆಯಲ್ಲೆಲ್ಲ ಒತ್ತಡ ಮಾತ್ರ ಇರುತ್ತದೆ, ಕಲ್ಲು ಮತ್ತು ಇಟ್ಟಿಗೆಗಳು ಚೆನ್ನಾಗಿ ತಾಳುವುದು ಒತ್ತಡವನ್ನೇ. ಈ ತತ್ವವನ್ನು ಯುರೋಪಿನಲ್ಲಿ 17ನೆಯ ಶತಮಾನದಿಂದಲೇ ತಿಳಿದಿದ್ದರು. ಗೌಡಿ ಮಾಡಿದ ಹೊಸ ಕೆಲಸವೆಂದರೆ, ಒಂದು ಕಮಾನಿಗೆ ಬದಲಾಗಿ ಇಡೀ ಚರ್ಚನ್ನೇ ಹೀಗೆ ತೂಗುಹಾಕಿ ಲೆಕ್ಕ ಹಾಕಿದ್ದು. ಕಟ್ಟಡದ ಜಾಗದ ಪಕ್ಕದಲ್ಲೇ ಒಂದು ಶೆಡ್ಡು ಕಟ್ಟಿಸಿ, ಅದರ ಚಾವಣಿಯಿಂದ ನೂರಾರು ದಾರಗಳನ್ನು ಇಳಿಬಿಟ್ಟು, ಒಂದೊಂದು ದಾರಕ್ಕೂ ಆಯಾ ಭಾಗ ಹೊರಬೇಕಾದ ಭಾರಕ್ಕೆ ಅನುಗುಣವಾಗಿ ಸೀಸದ ಗುಂಡು ತುಂಬಿದ ಚಿಕ್ಕ ಚೀಲಗಳನ್ನು ಕಟ್ಟಿದ. ಉದ್ದದಲ್ಲಿ ಮಾದರಿಯು ಕಟ್ಟಡದ ಹತ್ತನೆಯ ಒಂದು ಪಾಲು, ತೂಕದಲ್ಲಿ ಹತ್ತು ಸಾವಿರದ ಒಂದು ಪಾಲು. ಒಂದು ಚೀಲದ ಭಾರ ಬದಲಿಸಿದರೆ ಅಕ್ಕಪಕ್ಕದ ದಾರಗಳೆಲ್ಲ ಸರಿದು ಹೊಸ ಆಕಾರ ತಳೆಯುತ್ತಿದ್ದವು. ಮತ್ತೆ ಅಳತೆ, ಮತ್ತೆ ತಿದ್ದುಪಡಿ. ಕೊನೆಗೆ ಆ ಜೋತ ರೂಪದ ಫೋಟೊ ತೆಗೆಸಿ, ಫೋಟೊವನ್ನು ತಲೆಕೆಳಗು ಹಿಡಿದು, ಅದರ ಮೇಲೆ ಬಣ್ಣದಲ್ಲಿ ಗೋಡೆ, ಗೋಪುರ, ಕಿಟಕಿಗಳನ್ನು ಬರೆಯುತ್ತಿದ್ದ. ಮೂಲ ಮಾದರಿ ಈಗ ಉಳಿದಿಲ್ಲ. ಹಳೆಯ ಫೋಟೊಗಳನ್ನು ಆಧರಿಸಿ 1980ರ ದಶಕದಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನ ಸಂಶೋಧಕರು ಅದನ್ನು ಮರುರಚಿಸಿದ್ದು, ಅದು ಸಗ್ರಾದಾ ಫಮೀಲಿಯಾದ ಮ್ಯೂಸಿಯಂನಲ್ಲಿದೆ.

ಈ ಬಾಗಿನ ವಿಚಾರ ಓದುವಾಗ ನನಗೆ ನಮ್ಮ ಕೋಟೆಯೊಳಗಿನ ಜಾಮಿಯಾ ಮಸೀದಿ ಬಿಡದೆ ನೆನಪಾಗುತ್ತಿತ್ತು. ಬಹಮನಿಗಳ ಕಾಲದಲ್ಲಿ, 1367ರಲ್ಲಿ, ಇರಾನಿನ ಕಜ್ವೀನ್ ಮೂಲದ ರಫಿ ಎಂಬ ಶಿಲ್ಪಿ ಕಟ್ಟಿದ ಆ ಮಸೀದಿಯಲ್ಲಿ ಸಾಮಾನ್ಯವಾಗಿ ಮಸೀದಿಗಳಲ್ಲಿರುವ ತೆರೆದ ಅಂಗಳವಿಲ್ಲ, ಪೂರ್ತಿ ಜಾಗಕ್ಕೆ ಚಾವಣಿ ಹೊದಿಸಿದ್ದಾರೆ. ಅಂಚಿನ ಓಣಿಗಳಲ್ಲಿ ನೆಲಕ್ಕೆ ಹತ್ತಿರದಿಂದಲೇ ಮೇಲೇಳುವ ಅಗಲವಾದ ಕಮಾನುಗಳಿವೆ. ಅಲ್ಲಿ ಭಾರವನ್ನು ತಡೆಯುವುದು ಗಿಡ್ಡನೆಯ ದಪ್ಪ ಕಂಬಗಳು. ಗೌಡಿಯ ದಾರಿ ಬೇರೆ. ಭಾರ ಯಾವ ಕಡೆಗೆ ಓರೆಯಾಗಿ ಇಳಿಯುತ್ತದೋ ಕಂಬವನ್ನೇ ಆ ಕಡೆಗೆ ವಾಲಿಸಿಬಿಟ್ಟರೆ ದಪ್ಪವೂ ಬೇಡ, ಗಾಥಿಕ್ ಚರ್ಚುಗಳಿಗೆ ಹೊರಗಿನಿಂದ ಕೊಡುವ ಆನಿಕೆಯೂ ಬೇಡ. ರಫಿಯ ಕಮಾನಿನ ಕೆಳಗೆ ನಿಂತು ಬೆಳೆದ ಕಣ್ಣಿಗೆ ಗೌಡಿಯ ಕಮಾನು ಪರಕೀಯವೆನಿಸಲಿಲ್ಲ. ಇಬ್ಬರೂ ಭಾರವನ್ನು ಮುಚ್ಚಿಡದೆ ತೋರಿಸಿದವರು.

ಪೈನ್ ಮರಗಳ ಚಿಕ್ಕ ಗುಡ್ಡದ ಇಳಿಜಾರಿನಲ್ಲಿ ಅರ್ಧ ಹೂತಂತಿರುವ ಈ ಕಟ್ಟಡ ದೂರದಿಂದ ಚರ್ಚೆಂದು ತಿಳಿಯುವುದೇ ಇಲ್ಲ. ಮೊದಲು ಸಿಗುವುದು ಒಂದು ಪಡಸಾಲೆ. ಇಲ್ಲಿಯ ಚಾವಣಿಯಲ್ಲಿ ಎರಡು ಕಡೆಗೆ ಎರಡು ರೀತಿ ಬಾಗುವ, ಗಣಿತದಲ್ಲಿ ಹೈಪರ್ಬೋಲಿಕ್ ಪ್ಯಾರಬೋಲಾಯ್ಡ್ ಎನ್ನುವ ಮೇಲ್ಮೈಗಳನ್ನು ತೆಳು ಇಟ್ಟಿಗೆಯಿಂದ ಕಟ್ಟಿದ್ದಾರೆ. ಕಂಬಗಳು ಒಂದೊಂದೂ ಒಂದೊಂದು ಕಡೆಗೆ ವಾಲಿವೆ, ಕೆಲವು ಇಟ್ಟಿಗೆಯವು, ಕೆಲವು ಕಲ್ಲಿನವು. ಮೆಟ್ಟಿಲಿನ ದಾರಿ ಒಂದು ಕಡೆ ಬಾಗಿರುವುದು ಅಲ್ಲಿದ್ದ ಪೈನ್ ಮರವನ್ನು ಕಡಿಯಬಾರದೆಂಬ ಕಾರಣಕ್ಕೆ ಎಂದು ಹೇಳುತ್ತಾರೆ.

ಒಳಗೆ ಹೋದಾಗ ಮೊದಲು ಕಾಣುವುದು ನಡುವಿನ ನಾಲ್ಕು ಕಂಬಗಳು. ಅವು ಬಸಾಲ್ಟ್, ಅಂದರೆ ಅಳಂದ, ಬಸವಕಲ್ಯಾಣದ ಕಡೆ ಹೊಲಗಳಲ್ಲಿ ಸಿಗುವ ಕರಿಕಲ್ಲಿನ ಜಾತಿಯವು. ಬುಡಕ್ಕೆ ಒಂದು ತುಂಡು, ನಡುವೆ ಒಂದು ತುಂಡು, ನೆತ್ತಿಗೆ ಒಂದು ತುಂಡು. ಸೇರುವ ಜಾಗಕ್ಕೆ ಗಾರೆಯ ಬದಲು ಸೀಸವನ್ನು ತುಂಬಿದ್ದಾರೆ. ಉಳಿಯ ಏಟು ಬಿದ್ದ ಗುರುತುಗಳು ಹಾಗೆಯೇ ಉಳಿದಿವೆ, ಯಾರೂ ತಿಕ್ಕಿ ನುಣುಪು ಮಾಡಲು ಹೋಗಿಲ್ಲ. ನಮ್ಮ ಕಡೆ ಫರಸಿ ಕಲ್ಲು ಕಡಿಯುವವರು ಬಿಸಾಡುವ ಅಂಚಿನ ಚೂರಿಗೆ ಇರುವಷ್ಟು ಒರಟುತನ ಆ ಕಂಬಗಳಿಗಿದೆ. ಬೆರಳಿಟ್ಟು ಸವರಿದರೆ ಚರ್ಮಕ್ಕೆ ತರಚುತ್ತದೆ. ಇಂಥ ನಾಲ್ಕು ಕಂಬಗಳು ಒಳಮುಖವಾಗಿ ವಾಲಿ, ಇಟ್ಟಿಗೆಯ ಪಕ್ಕೆಲುಬುಗಳನ್ನು ಹೊತ್ತು, ಬಲಿಪೀಠದ ಮುಂದಿನ ಇಡೀ ಚಾವಣಿಯನ್ನು ಎತ್ತಿ ಹಿಡಿದಿವೆ. ಗೋಡೆಗಳಲ್ಲಿ ಹೆಚ್ಚು ಸುಟ್ಟು ಕಪ್ಪಾದ ಇಟ್ಟಿಗೆಯೂ ಲೋಹ ಕರಗಿಸಿದ ಮೇಲೆ ಉಳಿಯುವ ಕಿಟ್ಟವೂ ಸೇರಿವೆ. ಬೇರೆ ಕಟ್ಟಡದಲ್ಲಿ ಗೌಂಡಿಯು ಬದಿಗೆಸೆಯುವ ವಸ್ತುಗಳಿವು.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಕಿಟಕಿಗಳು. ಒಳಗಡೆಯಿಂದ ನೋಡಿದರೆ ಹೂದಳದ ಆಕಾರದ ಬಣ್ಣದ ಗಾಜು, ಅದರಿಂದ ನೆಲದ ಮೇಲೆ ಬೀಳುವ ಹಳದಿ, ನೀಲಿ, ಕೆಂಪು ಬೆಳಕು. ಹೊರಗಡೆಯಿಂದ ನೋಡಿದರೆ ಗಾಜಿನ ರಕ್ಷಣೆಗೆ ಹಾಕಿದ ಕಬ್ಬಿಣದ ಜಾಲರಿ. ಈ ಜಾಲರಿಯ ಕಡ್ಡಿಗಳು ಸಾಮಾನ್ಯ ಕಡ್ಡಿಗಳಲ್ಲ, ಗ್ವೆಲ್ ಕಾರ್ಖಾನೆಯ ಹಳೆಯ ಮಗ್ಗಗಳಿಂದ ಕಳಚಿ ತೆಗೆದ ಸೂಜಿಗಳು. ಸವೆದು ಗುಜರಿಗೆ ಹೋಗಬೇಕಿದ್ದ ಸೂಜಿಗಳನ್ನು ಒಂದರ ಪಕ್ಕ ಒಂದು ಹೆಣೆದು ಚರ್ಚಿನ ಕಿಟಕಿಗೆ ಕೂರಿಸಿದ್ದಾರೆ. ನನ್ನ ಸೋದರಮಾವ ಎಂಎಸ್‌ಕೆ ಮಿಲ್ಲಿನ ನೇಯ್ಗೆ ಖಾತೆಯಲ್ಲಿ ದುಡಿದವರು. ರಾತ್ರಿ ಪಾಳಿ ಮುಗಿಸಿ ಬಂದಾಗ ಅವರ ಹುಬ್ಬು, ಮೀಸೆಗಳ ಮೇಲೆಲ್ಲ ಹತ್ತಿಯ ಬಿಳಿ ಧೂಳು ಕುಳಿತಿರುತ್ತಿತ್ತು, ತಾವು ನಡೆಸುವ ಮಗ್ಗದ ಒಂದೊಂದು ಭಾಗದ ಹೆಸರನ್ನೂ ಅವರು ಮಕ್ಕಳ ಹೆಸರು ಹೇಳುವಷ್ಟು ಅಕ್ಕರೆಯಿಂದ ಹೇಳುತ್ತಿದ್ದರು. ವಾರವಿಡೀ ಆ ಸೂಜಿಗಳ ಮುಂದೆ ನಿಂತು ದುಡಿದ ನೇಕಾರನೊಬ್ಬ ಭಾನುವಾರ ಇಲ್ಲಿಗೆ ಬಂದಾಗ ಕಿಟಕಿಯಲ್ಲಿ ಅವುಗಳ ಗುರುತು ಹಿಡಿಯದೆ ಇರುತ್ತಿರಲಿಲ್ಲ. ಅದನ್ನು ಕಂಡು ಅವನಿಗೆ ಸಂತೋಷವಾಯಿತೋ ಭಾನುವಾರವೂ ಮಿಲ್ಲು ಬಿಡಲಿಲ್ಲವೆಂದು ಬೇಸರವಾಯಿತೋ, ಅವನ ಜಾಗದಲ್ಲಿ ನಿಂತು ಉತ್ತರ ಹೇಳುವ ಹಕ್ಕು ನನಗಿಲ್ಲ. ನನ್ನ ಮಟ್ಟಿಗೆ ಮಾತ್ರ, ಯಾವ ಅರಮನೆಯ ಚಿನ್ನದ ಕೆಲಸ ಕಂಡಾಗಲೂ ಬರದಿದ್ದ ಕಣ್ಣೀರು ಆ ಸೂಜಿಗಳ ಮುಂದೆ ಬಂತು.

ಮರ ಮತ್ತು ಕಬ್ಬಿಣದ ಬೆಂಚುಗಳನ್ನೂ ಗೌಡಿಯೇ ವಿನ್ಯಾಸ ಮಾಡಿದ. ಇಬ್ಬರು ಕೂರುವಷ್ಟು ಅಗಲ, ಬೆನ್ನಿಗೆ ಒತ್ತಾಗದ ಇಳಿಜಾರು, ಹಿಂದಿನ ಸಾಲಿನವರು ಮೊಣಕಾಲೂರಲು ಹಲಗೆ. ಪವಿತ್ರ ಜಲ ಇಡಲು ಫಿಲಿಪೈನ್ಸ್‌ನಿಂದ ತಂದ ದೊಡ್ಡ ಸಮುದ್ರ ಚಿಪ್ಪುಗಳನ್ನು ಕಬ್ಬಿಣದ ಆಧಾರದ ಮೇಲೆ ಕೂರಿಸಿದ್ದಾರೆ. ಬಾರ್ಸಿಲೋನಾ ನಗರದೊಳಗೆ ಇದೇ ಗ್ವೆಲ್‌ಗಾಗಿ ಗೌಡಿ ಕಟ್ಟಿದ ಅರಮನೆಯನ್ನೂ ನೋಡಿದೆ. ಅಲ್ಲಿ ಅಮೃತಶಿಲೆ ಇದೆ, ಬೆಲೆಬಾಳುವ ಮರವಿದೆ, ಸಿರಿವಂತರ ಕಣ್ಣು ತಣಿಸಲು ಬೇಕಾದದ್ದೆಲ್ಲ ಇದೆ. ಆದರೆ ಆತನ ಹತ್ತು ವರ್ಷದ ಲೆಕ್ಕಾಚಾರ, ಹೊಸದೊಂದನ್ನು ಮೊದಲ ಬಾರಿಗೆ ಮಾಡಿನೋಡುವ ಧೈರ್ಯ ಸಂದದ್ದು ಇಟ್ಟಿಗೆ, ಕರಿಕಲ್ಲು, ಗುಜರಿ ಸೂಜಿಗಳ ಈ ಕಟ್ಟಡಕ್ಕೆ. ಕಾರ್ಮಿಕರ ಕಟ್ಟಡವಲ್ಲವೇ, ಇಷ್ಟಾದರೆ ಸಾಕು ಎಂಬ ಭಾವ ಇದರ ಯಾವ ಮೂಲೆಯಲ್ಲೂ ಇಲ್ಲ. ಬಡವರಿಗೆಂದು ಕಟ್ಟುವ ಶಾಲೆ, ಆಸ್ಪತ್ರೆ, ಮನೆಗಳಲ್ಲಿ ನಾವು ದಿನಾಲು ಕಾಣುವ ಉದಾಸೀನದಿಂದ ಬೇಸತ್ತ ನನಗೆ ಇದು ಬಹಳ ದೊಡ್ಡ ಸಂಗತಿ.

ಕಟ್ಟಡ ನಡೆಯುತ್ತಿದ್ದ ಕಾಲವೂ ಸಾಮಾನ್ಯವಾದುದಲ್ಲ. 1909ರ ಜುಲೈನಲ್ಲಿ ಮೊರಾಕ್ಕೊದ ಯುದ್ಧಕ್ಕೆ ಬಡವರ ಮಕ್ಕಳನ್ನು ಸೈನಿಕರಾಗಿ ಕಳಿಸುವುದರ ವಿರುದ್ಧ ಬಾರ್ಸಿಲೋನಾದ ಕಾರ್ಮಿಕರು ದಂಗೆಯೆದ್ದರು. ಆ ವಾರದಲ್ಲಿ ನಗರದ ಹಲವಾರು ಚರ್ಚುಗಳಿಗೂ ಕಾನ್ವೆಂಟುಗಳಿಗೂ ಬೆಂಕಿ ಬಿತ್ತು. ಇತಿಹಾಸದಲ್ಲಿ ಅದನ್ನು ದುರಂತ ವಾರ ಎಂದೇ ಕರೆಯುತ್ತಾರೆ. ಕಾರ್ಮಿಕರ ಒಂದು ಗುಂಪು ಚರ್ಚುಗಳನ್ನು ಸುಡುತ್ತಿದ್ದಾಗಲೇ, ರೈಲಿನ ಅರ್ಧ ಗಂಟೆಯ ದೂರದಲ್ಲಿ ಕಾರ್ಮಿಕರಿಗೆಂದು ಒಂದು ಚರ್ಚು ಮೇಲೇಳುತ್ತಿತ್ತು. 1914ರಲ್ಲಿ ಗ್ವೆಲ್ ಕುಟುಂಬ ಇನ್ನು ಹಣ ಕೊಡಲಾಗದೆಂದು ತಿಳಿಸಿತು, ಗೌಡಿ ಕೆಲಸ ಬಿಟ್ಟ. ಮುಗಿದಿದ್ದ ಕೆಳ ಅಂತಸ್ತನ್ನೇ 1915ರ ನವೆಂಬರ್‌ನಲ್ಲಿ ಪ್ರತಿಷ್ಠಾಪಿಸಿ ಪೂಜೆಗೆ ತೆರೆದರು. ಗ್ವೆಲ್ 1918ರಲ್ಲಿ ತೀರಿಕೊಂಡ. ಮೇಲಿನ ಅಂತಸ್ತು, ಗೋಪುರಗಳು, ನಡುವಿನ 40 ಮೀಟರ್ ಎತ್ತರದ ಗುಮ್ಮಟ ಯಾವುದೂ ಬರಲಿಲ್ಲ. ಮೇಲಿನ ಚರ್ಚಿಗೆ ಹೋಗಬೇಕಿದ್ದ ಮೆಟ್ಟಿಲುಗಳು ಇವೆ. ಹತ್ತಿದರೆ ಕಾಣುವುದು ಬಯಲು ಚಾವಣಿ ಮತ್ತು ಪೈನ್ ಮರಗಳ ತುದಿಗಳು. ಆದರೂ ಇದು ಸ್ಮಾರಕವಾಗಿ ನಿಂತುಹೋದ ಕಟ್ಟಡವಲ್ಲ, ಇಂದಿಗೂ ಪೂಜೆ ನಡೆಯುವ ಚರ್ಚು. 2005ರಲ್ಲಿ ಯುನೆಸ್ಕೊ ಇದನ್ನು ಗೌಡಿಯ ಇತರ ಕೃತಿಗಳೊಂದಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಾರ್ಖಾನೆಯ ಕಥೆ ಬೇರೆ ಕಡೆಯ ಕಥೆಗಳಿಗಿಂತ ಬೇರೆಯಲ್ಲ. ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ ಅದನ್ನು ಕಾರ್ಮಿಕರೇ ವಹಿಸಿಕೊಂಡು ನಡೆಸಿದರು, ಯುದ್ಧದ ನಂತರ ಅದು ಹಳೆಯ ಮಾಲೀಕರಿಗೆ ಮರಳಿ, ಆಮೇಲೆ ಬೇರೆ ಕೈಗೆ ಹೋಯಿತು, 1973ರಲ್ಲಿ ಮುಚ್ಚಿತು. ಈಗ ಅದರ ಶೆಡ್ಡುಗಳಲ್ಲಿ ಚಿಕ್ಕಪುಟ್ಟ ಕಂಪನಿಗಳಿವೆ. ಮನೆಗಳನ್ನು ಅವುಗಳಲ್ಲಿದ್ದವರೇ ಕೊಂಡುಕೊಂಡರು. ಮಾಹಿತಿ ಕೇಂದ್ರದಲ್ಲಿ ಮಗ್ಗದ ಮುಂದೆ ನಿಂತ ಹೆಂಗಸರ, ಶಾಲೆಯ ಮಕ್ಕಳ ಹಳೆಯ ಫೋಟೊಗಳಿವೆ. ಇಟ್ಟಿಗೆ ಎಲ್ಲಿಂದ ಬಂತು, ಕೂಲಿ ಮಾಡಿದವರು ಯಾವ ಹಳ್ಳಿಗಳಿಂದ ಬಂದರು ಎಂಬುದನ್ನು ಕೂಡ ಶ್ರದ್ಧೆಯಿಂದ ಕೂಡಿಹಾಕುತ್ತಿದ್ದಾರೆ.

ನಮ್ಮ ಮಿಲ್ಲು ಮುಚ್ಚಿಯೂ ಹಲವು ವರ್ಷಗಳಾದವು. ಎಂಎಸ್‌ಕೆ ಮಿಲ್ ಎಂಬುದು ಈಗ ಆಟೊದವರಿಗೆ ಹೇಳುವ ಒಂದು ವಿಳಾಸ. ಅಲ್ಲಿ ನೂತ, ನೇಯ್ದ, ಬಣ್ಣ ಹಾಕಿದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ, ಅವರೊಂದಿಗೆ ಖಾತೆಗಳ ಹೆಸರುಗಳು, ಪಾಳಿಗಳ ಲೆಕ್ಕ, ಲಾಳಿ ಹಾರಿ ಗಾಯವಾದವರ ಕಥೆಗಳು, ಮಿಲ್ಲಿನ ಒಳಗೆ ಕೂಡಿ ಮಾಡುತ್ತಿದ್ದ ಆಯುಧ ಪೂಜೆಯ ನೆನಪು ಎಲ್ಲವೂ ಹೋಗುತ್ತಿವೆ. ಊರಿಗೆ ಮರಳಿದ ಮೇಲೆ ನಾನು ಸೋದರಮಾವನ ಜೊತೆಗಾರರನ್ನು ಕಂಡು, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದಿಟ್ಟುಕೊಳ್ಳಲು ಆರಂಭಿಸಿದ್ದೇನೆ. ನಿಮ್ಮ ಮನೆಯಲ್ಲಿ ಮಿಲ್ಲಿನ ಹಾಜರಿ ಕಾರ್ಡು, ಗುರುತಿನ ಬಿಲ್ಲೆ, ಸಂಬಳದ ಚೀಟಿ, ಖಾತೆಯವರೆಲ್ಲ ಸೇರಿ ತೆಗೆಸಿಕೊಂಡ ಫೋಟೊ ಯಾವುದಾದರೂ ಉಳಿದಿದ್ದರೆ ದಯವಿಟ್ಟು ಗುಜರಿಯವರಿಗೆ ಕೊಡಬೇಡಿ. ನನಗೆ ತಿಳಿಸಿ, ನಾನೇ ಬಂದು ನೋಡಿ, ಪ್ರತಿ ತೆಗೆದುಕೊಂಡು, ಮೂಲವನ್ನು ನಿಮ್ಮ ಕೈಗೇ ಮರಳಿ ಕೊಡುತ್ತೇನೆ.